ಪೆನುಕೊಂಡದ ಕಾರು, ಮಾವನ ಅಂಜಿಕೆ

ಪ್ರಶ್ನೆ: ನಾನು ಕೌತಾಳಂ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಮನೆ ಆದೋನಿಯಲ್ಲಿ, ತವರು ಸಿರುಗುಪ್ಪ. ಯಜಮಾನರದು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಕಮಿಷನ್ ಅಂಗಡಿ. ಮಾವ ಕಟ್ಟಿದ ಅಂಗಡಿ ಅದು. ಅತ್ತೆಯ ಮಂಡಿನೋವಿಗೆ ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಬೇಕು, ಪ್ರತಿ ಸಲ ಬಾಡಿಗೆ ಕಾರು ಹಿಡಿಯಬೇಕು. ನನ್ನ ಚೀಟಿ ಹಣ, ಎಫ್‌ಡಿ ಎಲ್ಲ ಸೇರಿ 9 ಲಕ್ಷವಿದೆ. ನಮ್ಮದೇ ಕಾರು ಇರಲಿ ಎಂದು ಆಸೆಪಟ್ಟೆ, ಮನೆಯಲ್ಲಿ ಜಗಳ ಶುರುವಾಯಿತು.

ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೋಗಿಬರುವಾಗ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ ನೋಡಿದ್ದಾನೆ. “ನಮ್ಮ ರಾಯಲಸೀಮೆಯಲ್ಲೇ ತಯಾರಾಗೋ ಕಾರಮ್ಮ, ಸೆಲ್ಟೋಸ್ ಟಾಪ್ ಮಾಡೆಲ್ಲೇ ತಗೊಳ್ಳೋಣ, ಉಳಿದದ್ದಕ್ಕೆ 11 ಲಕ್ಷ ಲೋನ್ ಹಾಕಿಸೋಣ” ಅನ್ನುತ್ತಾನೆ. ಮಾವ ಕೊರಿಯಾ ಕಾರು ಅಂದರೆ ಸಾಕು, ಎದ್ದು ಹೋಗುತ್ತಾರೆ. ಅವರ ಗೆಳೆಯರೊಬ್ಬರು ಜಿನ್ನಿಂಗ್ ಮಿಲ್ಲಿನವರು, ಹಿಂದೆ ದೇವೂ ಸಿಯೆಲೊ ತಂದಿದ್ದರಂತೆ. ಆಮೇಲೆ ಕಂಪನಿಯೇ ಮುಳುಗಿ, ಕಾರು ಮಿಲ್ಲಿನ ಶೆಡ್ಡಿನಲ್ಲಿ ಹತ್ತಿ ಮೂಟೆಗಳ ನಡುವೆ ನಿಂತೇ ಹೋಯಿತಂತೆ. “ಕಿಯಾನೂ ಒಂದ್ಸಲ ಐಪಿ ಹಾಕಿದ ಕಂಪನೀನೇ. ಇಲ್ಲಿಂದ ತಮಿಳುನಾಡಿಗೆ ಹೋಗ್ತದಂತ ಪೇಪರಲ್ಲಿ ಬಂದಿತ್ತಲ್ಲ? ಮಾರುತಿ ತಗೊಳ್ರಿ, ಇಲ್ಲಾ ಸುಮ್ಮನಿರ್ರಿ” ಎಂಬುದು ಅವರ ಮಾತು. ಬಳ್ಳಾರಿಯಲ್ಲಿರುವ ತಮ್ಮ ತನ್ನ ಅಡ್ರೆಸ್ಸಿಗೆ ಕೆಎ 34 ನಂಬರ್ ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ಯಜಮಾನರು “ನೀವ್ ನೀವೇ ನೋಡ್ಕೊಳ್ರಿ” ಅಂದು ಅಂಗಡಿಗೆ ಹೊರಟುಬಿಡುತ್ತಾರೆ. ತಾತ, ಮೊಮ್ಮಗ ಮಾತು ಬಿಟ್ಟಿದ್ದಾರೆ. ಆ ಕಂಪನಿಯನ್ನು ನಂಬಬಹುದೇ? ಮನೆಯಲ್ಲಿ ಹೇಗೆ ಹೊಂದಿಸಿಕೊಂಡು ಹೋಗಲಿ?
– ಶಿಕ್ಷಕಿ, ಆದೋನಿ

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಮಗನ ಮಾತಿದೆ, ಮಾವನ ಮಾತಿದೆ, ತಮ್ಮನ ಮಾತಿದೆ, ಮಾತೇ ಆಡದ ಯಜಮಾನರೂ ಇದ್ದಾರೆ. ಹಣ ಹಾಕುವವರು ನೀವು. ಆದರೆ ನಿಮಗೆ ಎಂಥ ಕಾರು ಬೇಕು, ಅದನ್ನು ಓಡಿಸುವವರು ಯಾರು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ಮಾವನ ಮಾತು ತೆಗೆದುಕೊಳ್ಳೋಣ, ಯಾಕೆಂದರೆ ಅವರು ಹೇಳಿದ್ದರಲ್ಲಿ ಬಹುಪಾಲು ನಿಜ.

ದೇವೂ ಕಥೆ ನಿಜ. 1995ರಲ್ಲಿ ಸಿಯೆಲೊ ಬಂದಾಗ ಅದು ಹಣವಂತರ ಕಾರು. ಅಂಬಾಸಿಡರು, ಪದ್ಮಿನಿ ನೋಡಿ ಬೇಸತ್ತವರಿಗೆ ಅದರ ಎ.ಸಿ., ಅದರ ಬಾಗಿಲು ಮುಚ್ಚಿಕೊಳ್ಳುವ ಸದ್ದು ಎಲ್ಲವೂ ಹೊಸದು. ಆಮೇಲೆ ಮಟಿಜ್ ಎಂಬ ಪುಟ್ಟ ಕಾರೂ ಬಂತು. ಆದರೆ 1999ರಲ್ಲಿ ಕೊರಿಯಾದಲ್ಲಿ ದೇವೂ ಸಮೂಹವೇ ಸಾಲದ ಹೊರೆಗೆ ಕುಸಿಯಿತು. 2002ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಅದರ ಕಾರು ವಿಭಾಗವನ್ನು ಕೊಂಡಿತು, ಆದರೆ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿದ್ದ ಭಾರತದ ಕಾರ್ಖಾನೆಯನ್ನು ಮುಟ್ಟಲಿಲ್ಲ. ಇಲ್ಲಿ ಕಾರು ಕೊಂಡವರು ನಡುನೀರಿನಲ್ಲಿ ಉಳಿದರು. ಮಿಲ್ಲಿನ ಶೆಡ್ಡಿನಲ್ಲಿ ನಿಂತ ಆ ಕಾರನ್ನು ನಿಮ್ಮ ಮಾವ ಕಣ್ಣಾರೆ ಕಂಡಿದ್ದಾರೆ. ಅದನ್ನು ಹಳೇ ಕಾಲದವರ ಹಟ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಆಮೇಲೂ ಹೀಗೇ ಆಗಿದೆ: ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಅವು ಎರಡೂ ಕೊರಿಯಾದವಲ್ಲ ಎಂಬುದನ್ನು ಮಾವನಿಗೆ ಮೆಲ್ಲಗೆ ಹೇಳಬಹುದು.

ಕಿಯಾ ಐಪಿ ಹಾಕಿದ್ದೂ, ಅಂದರೆ ದಿವಾಳಿ ಎದ್ದದ್ದೂ ನಿಜ. ಆದರೆ ಯಾರ್ಡಿನಲ್ಲಿ ಅಂಗಡಿ ನಡೆಸಿದವರಿಗೆ ಆ ಕಥೆಯನ್ನು ಪೂರ್ತಿ ಹೇಳಬೇಕು, ಅವರಿಗೆ ಅದು ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

1944ರಲ್ಲಿ, ಕೊರಿಯಾ ಇನ್ನೂ ಜಪಾನಿನ ಕೈಯಲ್ಲಿದ್ದಾಗ, ಸೋಲ್ ನಗರದಲ್ಲಿ ಉಕ್ಕಿನ ಕೊಳವೆ, ಸೈಕಲ್ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆಯಾಗಿ ಶುರುವಾದದ್ದು ಕಿಯಾ. ಕೊರಿಯಾ ಯುದ್ಧದ ನಡುವೆಯೇ ಆ ದೇಶದ ಮೊದಲ ಸೈಕಲ್ ಮಾಡಿತು. ಆಮೇಲೆ ಹೋಂಡಾದಿಂದ ಲೈಸೆನ್ಸ್ ಪಡೆದು ಬೈಕು, ಮಜ್ದಾದಿಂದ ಲೈಸೆನ್ಸ್ ಪಡೆದು 1962ರಲ್ಲಿ ಮೂರು ಚಕ್ರದ ಸಾಮಾನು ಗಾಡಿ. 1974ರಲ್ಲಿ ಬ್ರಿಸಾ ಎಂಬ ಕಾರು. ಅಷ್ಟರಲ್ಲಿ 1981ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ, ಯಾವ ಕಂಪನಿ ಏನು ಮಾಡಬೇಕು ಎಂದು ತಾನೇ ಹಂಚಿ, ಕಿಯಾಗೆ ಕಾರು ಮಾಡಬಾರದು, ಚಿಕ್ಕ ಲಾರಿ, ವ್ಯಾನು ಮಾತ್ರ ಎಂದು ಕಟ್ಟಿಹಾಕಿತು. ಬೊಂಗೊ ಎಂಬ ವ್ಯಾನೇ ಆಗ ಕಂಪನಿಯನ್ನು ಉಳಿಸಿದ್ದು. ಕಟ್ಟು ಸಡಿಲವಾದಾಗ ಫೋರ್ಡ್, ಮಜ್ದಾ ಜೊತೆ ಸೇರಿ ಪ್ರೈಡ್ ಎಂಬ ಪುಟ್ಟ ಕಾರು ಮಾಡಿ ಮತ್ತೆ ಎದ್ದಿತು. 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಇಳಿಯಿತು. ಅಗ್ಗ ಅನ್ನುವುದೊಂದೇ ಆಗ ಅದರ ಬಂಡವಾಳ, ಮತ್ತು ಆ ಅಗ್ಗದ ಬೆಲೆಗೆ ತಕ್ಕಂಥ ಕಾರೇ ಅದು.

1997ರ ಜುಲೈನಲ್ಲಿ ಸಾಲ ಕುತ್ತಿಗೆಗೆ ಬಂತು. ಅದೇ ವರ್ಷದ ಕೊನೆಗೆ ಕೊರಿಯಾ ದೇಶವೇ ಐಎಂಎಫ್ ಮುಂದೆ ಕೈಯೊಡ್ಡಿತು. ಕಿಯಾವನ್ನು ಹರಾಜಿಗೆ ಇಟ್ಟಾಗ ಕೂಗಿದವರು ನಾಲ್ಕು ಮಂದಿ: ಫೋರ್ಡ್, ಸ್ಯಾಮ್ಸಂಗ್, ಹುಂಡೈ, ಮತ್ತೆ ಯಾರು ಗೊತ್ತೇ? ಅದೇ ದೇವೂ. 1998ರಲ್ಲಿ ಹರಾಜು ಹುಂಡೈಗೆ ಆಯಿತು. ಸೋತ ದೇವೂ ಮರುವರ್ಷವೇ ಮಲಗಿತು. ಮಾವನಿಗೆ ಇದನ್ನು ಹೇಳಿ ನೋಡಿ. ದಿವಾಳಿ ಎದ್ದ ಅಂಗಡಿಯನ್ನು ಯಾರು ಕೊಂಡರು ಎಂಬುದರ ಮೇಲೆ ಅದರ ಮುಂದಿನ ಬಾಳು ನಿಂತಿರುತ್ತದೆ ಎಂದು ಅವರಿಗೆ ನೀವಾಗಲಿ ನಾನಾಗಲಿ ಕಲಿಸಬೇಕಾಗಿಲ್ಲ. ಈಗಲೂ ಕಿಯಾದಲ್ಲಿ ಸುಮಾರು ಮೂರನೇ ಒಂದು ಪಾಲು ಹುಂಡೈಯದು. ಸೆಲ್ಟೋಸ್‌ಗೂ ಹುಂಡೈ ಕ್ರೆಟಾಗೂ, ಕಿಯಾದ ಚಿಕ್ಕ ಕಾರು ಸೋನೆಟ್‌ಗೂ ಹುಂಡೈ ವೆನ್ಯೂಗೂ ಎಂಜಿನ್ನು ಬಹುಪಾಲು ಒಂದೇ. ಮೇಲಿನ ಉಡುಪು ಬೇರೆ. 1998ರಲ್ಲಿ ಶ್ರೀಪೆರಂಬುದೂರಿನಿಂದ ಸ್ಯಾಂಟ್ರೊ ಹೊರಟಾಗಿನಿಂದ ಹುಂಡೈ ಇಲ್ಲಿ ಬೇರು ಬಿಟ್ಟಿದೆ. ಹಾಗಾಗಿ ಸಿಯೆಲೊಗೆ ಬಂದ ಗತಿಯ ಭಯ ಇಲ್ಲಿ ತೀರಾ ಕಡಿಮೆ.

ತಮಿಳುನಾಡಿನ ಸುದ್ದಿಯೂ ಮಾವ ಕಟ್ಟಿ ಹೇಳಿದ್ದಲ್ಲ. 2020ರ ಫೆಬ್ರುವರಿಯಲ್ಲಿ ವಿದೇಶಿ ಸುದ್ದಿಸಂಸ್ಥೆಯೊಂದು ಹಾಗೆ ಬರೆದಿತ್ತು. ಕಂಪನಿಯೂ ಆಂಧ್ರ ಸರ್ಕಾರವೂ ಅಲ್ಲಗಳೆದವು. ಆಮೇಲೆ ಆದದ್ದು ಇಷ್ಟು: ಕಾರ್ಖಾನೆ ಅಲ್ಲೇ ಇದೆ, 2023ರ ಜುಲೈ ಹೊತ್ತಿಗೆ ಅಲ್ಲಿಂದ 10 ಲಕ್ಷನೆಯ ಕಾರು ಹೊರಬಂತು. ಅಲ್ಲಿಂದ ನೂರಾರು ಎಂಜಿನ್‌ಗಳು ಕಳುವಾಗಿ 2025ರಲ್ಲಿ ಪೊಲೀಸ್ ಕೇಸಾದದ್ದು ಬೇರೆ ಮಾತು. ನಿಮ್ಮ ಮಗನಿಗೆ ನಗಲು ಒಂದು ವಿಷಯ.

ಈಗ ಮಗನ ಮಾತು. ನಮ್ಮ ಸೀಮೆಯ ಕಾರು ಅನ್ನುವ ಅಭಿಮಾನ ನನಗೆ ಅರ್ಥವಾಗುತ್ತದೆ. 2017ರ ಏಪ್ರಿಲ್‌ನಲ್ಲಿ ಒಪ್ಪಂದವಾದಾಗ, ಅನಂತಪುರದ ಬರದ ನೆಲದಲ್ಲಿ ಕಾರ್ಖಾನೆಯೇ ಎಂದು ಮೂಗು ಮುರಿದವರು ಬಹಳ. ಪೆನುಕೊಂಡದ ಯರ್ರಮಂಚಿ ಬಳಿ 536 ಎಕರೆ ಕೊಟ್ಟರು, ಗೊಲ್ಲಪಲ್ಲಿ ಜಲಾಶಯದಿಂದ ನೀರು ಕೊಟ್ಟರು, 110 ಕೋಟಿ ಡಾಲರ್ ಬಂಡವಾಳ ಬಂತು. 2019ರ ಜನವರಿಯಲ್ಲಿ ಪ್ರಾಯೋಗಿಕ ಉತ್ಪಾದನೆ, ಆಗಸ್ಟ್ 22ಕ್ಕೆ ಸೆಲ್ಟೋಸ್ ಮಾರುಕಟ್ಟೆಗೆ. ಮುಂದಿನ ವರ್ಷ ಸೋನೆಟ್, 2022ರಲ್ಲಿ ಮೂರು ಸಾಲು ಸೀಟಿನ ಕಾರೆನ್ಸ್, 2025ರಲ್ಲಿ ಸೈರೋಸ್. ವಿಜಯನಗರ ಹಾಳಾದ ಮೇಲೆ ಅರಸರು ರಾಜಧಾನಿ ಮಾಡಿಕೊಂಡ ಊರಿನ ಪಕ್ಕದಲ್ಲಿ ಇವತ್ತು ವರ್ಷಕ್ಕೆ 3 ಲಕ್ಷ ಕಾರು ಮಾಡುವ ತಾಕತ್ತಿನ ಕಾರ್ಖಾನೆ ಇದೆ ಅನ್ನುವುದು ಹೆಮ್ಮೆಯ ಮಾತೇ.

ಆದರೆ ಆ ಹೆಮ್ಮೆಗೆ ಅಂಗಡಿಯಲ್ಲಿ ರಿಯಾಯಿತಿ ಇಲ್ಲ. ಪೆನುಕೊಂಡದಲ್ಲಿ ತಯಾರಾದ ಕಾರು ಆದೋನಿಯವರಿಗೆ ಅಗ್ಗವಾಗಿ ಬರುವುದಿಲ್ಲ. ಬಂಪರ್ ಒಡೆದರೆ ಕಾರ್ಖಾನೆಯ ಗೇಟಿಗೆ ಹೋಗಿ ತರಲು ಆಗುವುದಿಲ್ಲ. ನಿಮ್ಮ ಡೀಲರು ಆರ್ಡರ್ ಹಾಕಬೇಕು, ಅದು ಬರುವ ದಾರಿಯಲ್ಲೇ ಬರಬೇಕು. ನಿಮಗೆ ಲೆಕ್ಕಕ್ಕೆ ಬರುವ ದೂರ ಪೆನುಕೊಂಡದ್ದಲ್ಲ, ಕಂಪನಿಯ ವರ್ಕ್‌ಶಾಪಿನದು. ಕರ್ನೂಲಿಗೆ ಆದೋನಿಯಿಂದ ಸುಮಾರು 100 ಕಿ.ಮೀ., ಬಳ್ಳಾರಿ ಅದಕ್ಕಿಂತ ಹತ್ತಿರ. ಯಾವ ಊರಿನ ವರ್ಕ್‌ಶಾಪಿನಲ್ಲಿ ಸರ್ವಿಸ್‌ಗೆ ಎಷ್ಟು ದಿನ ಕಾಯಿಸುತ್ತಾರೆ, ಸಂಜೆಯೊಳಗೆ ಕಾರು ಕೊಡುತ್ತಾರೋ ರಾತ್ರಿ ಉಳಿಸಿಕೊಳ್ಳುತ್ತಾರೋ, ಆದೋನಿಗೆ ಬಂದು ಮಾಡಿಕೊಡುವ ವ್ಯವಸ್ಥೆ ಇದೆಯೋ ಎಂದು ಕೇಳಿ. ಸೇಲ್ಸ್‌ನವರನ್ನು ಕೇಳಬೇಡಿ. ಆದೋನಿಯಲ್ಲೇ ಕಿಯಾ ಇಟ್ಟುಕೊಂಡವರು ಇದ್ದಾರೆ; ಆ ಪೈಕಿ ಮೂರು ವರ್ಷ ದಾಟಿದ ಕಾರಿನವರನ್ನು ಹುಡುಕಿ ಕೇಳಿ. ಹೊಸ ಕಾರು ಕೊಂಡವರು ಯಾವ ಕಂಪನಿಯದಾದರೂ ಹೊಗಳುತ್ತಾರೆ. ಕೊಟ್ಟ ಹಣಕ್ಕೆ ಸಮರ್ಥನೆ ಬೇಕಲ್ಲ!

ಸಾಮಾನ್ಯವಾಗಿ ಕಿಯಾ ಕಾರು ಇಟ್ಟುಕೊಂಡವರು ಹೇಳುವುದು ಹೀಗೆ. ಡೀಸೆಲ್ ಎಂಜಿನ್ನನ್ನು ಹೊಗಳದವರು ಕಡಿಮೆ. ಎ.ಸಿ. ಜೋರು. ಸೀಟಿನೊಳಗಿಂದ ಗಾಳಿ ಬರುವ ಮಾಡೆಲ್ ಕೊಂಡವರು ಅದನ್ನೇ ನೆಂಟರಿಗೆಲ್ಲ ತೋರಿಸುತ್ತಾರೆ. ಏಪ್ರಿಲ್ ಮಧ್ಯಾಹ್ನ ಯಾರ್ಡಿನ ಮುಂದೆ ಬಿಸಿಲಲ್ಲಿ ನಿಂತ ಕಾರು ಹತ್ತಿದವರಿಗೆ ಅದರ ಬೆಲೆ ಗೊತ್ತು. ಪರದೆ, ಕ್ಯಾಮೆರಾ, ಸನ್‌ರೂಫ್ ಎಲ್ಲ ಅದೇ ಬೆಲೆಯ ಬೇರೆ ಕಾರಿಗಿಂತ ಒಂದು ಕೈ ಹೆಚ್ಚು. ದೂರುಗಳೂ ಇವೆ. ಕೆಟ್ಟ ರಸ್ತೆಯಲ್ಲಿ ಕುಲುಕಾಟ ಜಾಸ್ತಿ, ಹಿಂದೆ ಕೂತ ಹಿರಿಯರಿಗೆ ಸೊಂಟ ಹಿಡಿಯುತ್ತದೆ. ಡಿಸಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸು ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಎಚ್ಚರಿಕೆ ಕೊಟ್ಟಿತು ಎಂದು ಹಲವರು ಹೇಳಿಕೊಂಡಿದ್ದಾರೆ. ಎಲೆಕ್ಟ್ರಾನಿಕ್ಸ್ ಹೆಚ್ಚಿದ್ದಷ್ಟೂ ಸುಮ್ಮಸುಮ್ಮನೆ ಹತ್ತಿಕೊಳ್ಳುವ ದೀಪಗಳೂ ಹೆಚ್ಚು.

ಕಂಪನಿಯೇ ಕಾರು ವಾಪಸ್ ಕರೆದು ಸರಿಪಡಿಸಿಕೊಟ್ಟದ್ದೂ ಇದೆ. 2022ರಲ್ಲಿ ಏರ್‌ಬ್ಯಾಗಿನ ಸಾಫ್ಟ್‌ವೇರ್‌ಗಾಗಿ 44,174 ಕಾರೆನ್ಸ್, 2024ರಲ್ಲಿ ಸಿವಿಟಿ ಗೇರ್‌ಬಾಕ್ಸಿನ ಎಣ್ಣೆ ಪಂಪಿಗಾಗಿ 4,358 ಪೆಟ್ರೋಲ್ ಸೆಲ್ಟೋಸ್. ಕರೆದು ಪುಕ್ಕಟೆ ರಿಪೇರಿ ಮಾಡಿಕೊಡುವ ಕಂಪನಿ ಮುಚ್ಚಿಡುವ ಕಂಪನಿಗಿಂತ ವಾಸಿ. ನಿಮ್ಮ ಮಗ ಹಳೆ ಕಾರು ನೋಡೋಣ ಅಂದರೆ ಮಾತ್ರ ಆ ಕೆಲಸ ಆಗಿದೆಯೇ ಎಂದು ಚಾಸಿ ನಂಬರ್ ಕೊಟ್ಟು ವಿಚಾರಿಸಿ. ಅಮೆರಿಕದಲ್ಲಿ ಇದೇ ಕಂಪನಿಯ ಹೆಸರು ಎರಡು ಸಲ ಕೆಟ್ಟಿದೆ. ಎಂಜಿನ್ ದೋಷದ ಕಾರುಗಳನ್ನು ತಡವಾಗಿ ವಾಪಸ್ ಕರೆಸಿದ್ದಕ್ಕೆ 2020ರಲ್ಲಿ ಹುಂಡೈ, ಕಿಯಾ ಎರಡೂ ದಂಡದ ಒಪ್ಪಂದಕ್ಕೆ ಬರಬೇಕಾಯಿತು. ಆಮೇಲೆ ಕಳ್ಳತನ ತಡೆಯುವ ಇಮೊಬಿಲೈಸರ್ ಇಲ್ಲದ ಕಾರುಗಳನ್ನು ಹುಡುಗರು ಸುಲಭವಾಗಿ ಕದ್ದೊಯ್ಯುವುದು ದೊಡ್ಡ ಸುದ್ದಿಯಾಯಿತು. ದೋಷ ಕಂಡ ಆ ದೊಡ್ಡ ಪೆಟ್ರೋಲ್ ಎಂಜಿನ್ನುಗಳು ನಮ್ಮ ಸೆಲ್ಟೋಸ್, ಸೋನೆಟ್‌ಗಳಲ್ಲಿಲ್ಲ. ಅದೇ ದೇಶದಲ್ಲಿ 2016ರಲ್ಲಿ, ಹೊಸ ಕಾರು ಕೊಂಡವರು ಮೊದಲ ತಿಂಗಳುಗಳಲ್ಲಿ ಹೇಳುವ ದೂರುಗಳನ್ನು ಎಣಿಸುವ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಕಿಯಾ ಜರ್ಮನಿಯ ದುಬಾರಿ ಕಾರುಗಳನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಕೆಟ್ಟ ಹೆಸರು, ಒಳ್ಳೆಯ ಹೆಸರು ಎರಡನ್ನೂ ಒಟ್ಟಿಗೆ ನೆನಪಿಡಿ.

ನನಗೆ ಇದರಲ್ಲೆಲ್ಲ ಹೆಚ್ಚು ಚುಚ್ಚಿದ್ದು ಇನ್ನೊಂದು. 2020ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಎರಡು ಏರ್‌ಬ್ಯಾಗಿನ ಸೆಲ್ಟೋಸನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಸಿಕ್ಕದ್ದು ಬರೀ ಮೂರು ನಕ್ಷತ್ರ, ಮಕ್ಕಳ ರಕ್ಷಣೆಗೆ ಎರಡು. ಗುದ್ದಿನ ಹೊಡೆತಕ್ಕೆ ಕಾರಿನ ಒಡಲು ಗಟ್ಟಿಯಾಗಿ ನಿಲ್ಲಲಿಲ್ಲ ಎಂದು ವರದಿ ಬಂತು. ಸನ್‌ರೂಫ್ ಕೊಟ್ಟ ಕಂಪನಿ ಆ ದುಡ್ಡನ್ನು ಉಕ್ಕಿಗೆ ಹಾಕಬಾರದಿತ್ತೇ ಎಂದು ಆಗ ಕೇಳಿದವರಲ್ಲಿ ನಾನೂ ಒಬ್ಬ. ಆಮೇಲೆ ಆರು ಏರ್‌ಬ್ಯಾಗು ಎಲ್ಲ ಮಾಡೆಲ್‌ಗೂ ಬಂತು, 2025ರಲ್ಲಿ ಸೈರೋಸ್‌ಗೆ ಭಾರತ್ ಎನ್‌ಸಿಎಪಿಯ ಐದು ನಕ್ಷತ್ರವೂ ಸಿಕ್ಕಿತು. ನೀವು ಕೊಳ್ಳುವ ವಾರ ನಿಮ್ಮ ಮಾಡೆಲ್ಲಿಗೆ ಎಷ್ಟಿದೆ ಎಂದು ಮಗನಿಗೇ ಹುಡುಕಿ ಬರೆದುಕೊಡಲು ಹೇಳಿ. ಅವನ ಎಂಜಿನಿಯರಿಂಗ್ ಅಷ್ಟಾದರೂ ಮನೆಗೆ ಉಪಯೋಗವಾಗಲಿ.

ಇನ್ನು ನಿಮ್ಮ ದಾರಿ. ಎರೆ ನೆಲದ ರಸ್ತೆ ನಿಮಗೆ ನನಗಿಂತ ಗೊತ್ತು. ಮಳೆಗಾಲದಲ್ಲಿ ಡಾಂಬರು ಉಬ್ಬಿ ಕುಸಿಯುತ್ತದೆ, ಬೇಸಗೆಯಲ್ಲಿ ಧೂಳು. ಕಾರು ನೆಲದಿಂದ ಎತ್ತರವಿರಬೇಕು; ಸೋನೆಟ್, ಸೆಲ್ಟೋಸ್ ಎರಡೂ ಸುಮಾರು 20 ಸೆಂ.ಮೀ. ಎತ್ತರದವು, ಆ ಚಿಂತೆ ಇಲ್ಲ. ಟೈರು ಮಾತ್ರ ದೊಡ್ಡ ಅಲಾಯ್ ಚಕ್ರದ್ದು ಬೇಡ. ಟಾಪ್ ಮಾಡೆಲ್ಲಿನ ತೆಳು ಟೈರು ಗುಂಡಿಗೆ ಬಿದ್ದರೆ ಪಕ್ಕ ಸೀಳುತ್ತದೆ, ರಿಮ್ಮು ಬಾಗುತ್ತದೆ. ಕೆಳಗಿನ ಮಾಡೆಲ್ಲಿನ ದಪ್ಪ ಟೈರೇ ನಿಮ್ಮ ರಸ್ತೆಗೂ ಅತ್ತೆಯ ಮಂಡಿಗೂ ಒಳ್ಳೆಯದು. ಹತ್ತಿ ಸೀಜನ್ನಿನಲ್ಲಿ ಏರ್ ಫಿಲ್ಟರು, ಎ.ಸಿ. ಫಿಲ್ಟರು ಎರಡನ್ನೂ ಸರ್ವಿಸ್ ದಿನಕ್ಕೆ ಕಾಯದೆ ತೆಗೆಸಿ ನೋಡಬೇಕು. ಅಂಗಡಿಯ ಹಿಂದೆ ಮೂಟೆಗಳ ಪಕ್ಕ ಕಾರು ನಿಲ್ಲಿಸಬೇಡಿ. ಹತ್ತಿಕಾಳಿಗೆ ಬರುವ ಇಲಿ ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತದೆ. ವಾರಂಟಿಯಲ್ಲಿ ಇಲಿಗೆ ಜಾಗವಿಲ್ಲ. ವಿಮೆ ಮಾಡಿಸುವಾಗ ಇಲಿ ಕಡಿದದ್ದಕ್ಕೆ ಕೊಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ, ಅದನ್ನು ಪಾಲಿಸಿಯಲ್ಲಿ ಓದಿ.

ಡೀಸೆಲ್ಲೋ ಪೆಟ್ರೋಲೋ? ಡೀಸೆಲ್ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಈಗಿನ ಬಿಎಸ್6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರೊಂದು ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಉರಿದು ಹೋಗುತ್ತದೆ. ಬರೀ ಮಾರ್ಕೆಟ್ಟು, ದೇವಸ್ಥಾನ, ಮನೆ ಎಂದು ಚಿಕ್ಕ ಚಿಕ್ಕ ಓಡಾಟವಾದರೆ ಕಟ್ಟಿಕೊಳ್ಳುತ್ತದೆ. ನೀವು ದಿನಾ ಶಾಲೆಗೆ ಕಾರಿನಲ್ಲಿ ಹೋಗುವುದಾದರೆ ಡೀಸೆಲ್ ಯೋಚಿಸಬಹುದು. ತಿಂಗಳಿಗೊಮ್ಮೆ ಬಳ್ಳಾರಿ, ಯಾವಾಗಲೋ ಮಂತ್ರಾಲಯ, ಹಬ್ಬಕ್ಕೆ ಸಿರುಗುಪ್ಪ ಅಷ್ಟೇ ಆದರೆ ಪೆಟ್ರೋಲೇ ಸಾಕು, ಕೊಳ್ಳುವಾಗಲೇ ಲಕ್ಷಕ್ಕೆ ಹತ್ತಿರ ಹತ್ತಿರ ಉಳಿಯುತ್ತದೆ.

ಹಣದ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕದಾದ, ಚಿಕ್ಕ ಎಂಜಿನ್ನಿನ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ 40%. ಸೋನೆಟ್ಟಿನ ಉದ್ದ 3,995 ಮಿ.ಮೀ.; ಐದು ಮಿ.ಮೀ. ಕಡಿಮೆ ಮಾಡಿ ಗೆರೆಯೊಳಗೆ ಕೂರಿಸಿದ್ದಾರೆ. ಸೆಲ್ಟೋಸ್ ಗೆರೆಯಾಚೆ. ಮಗನ ಲೆಕ್ಕದಲ್ಲೇ ಟಾಪ್ ಮಾಡೆಲ್ಲಿಗೆ 20 ಲಕ್ಷ. ನಿಮ್ಮ 9 ಲಕ್ಷ ಹೋಗಿ 11 ಲಕ್ಷ ಸಾಲ. 9% ಬಡ್ಡಿ, ಏಳು ವರ್ಷ ಎಂದು ಹಿಡಿದರೆ ತಿಂಗಳಿಗೆ ಸುಮಾರು 17,700 ಕಂತು, ಒಟ್ಟು ಬಡ್ಡಿಯೇ 3 ಲಕ್ಷ 87 ಸಾವಿರ. ಅದರ ಬದಲು ಸೋನೆಟ್ಟಿನ ನಡುವಿನ ಪೆಟ್ರೋಲ್ ಮಾಡೆಲ್ ನೋಡಿ, ಕೈಯಲ್ಲಿ ಒಂದು ಲಕ್ಷ ಉಳಿಸಿಕೊಂಡು, 3 ಲಕ್ಷ ಮೂರು ವರ್ಷಕ್ಕೆ ತೆಗೆದರೆ ಕಂತು 9,540, ಬಡ್ಡಿ 43 ಸಾವಿರ. ಏಳು ವರ್ಷದ ಸಾಲ ತೀರುವ ಹೊತ್ತಿಗೆ ಮಗನಿಗೆ ಮದುವೆ ವಯಸ್ಸು, ಸೆಲ್ಟೋಸ್ ಹಳೆಯದು.

ಮಾವನ ಅಂಜಿಕೆಯ ಬೇರು ನನಗೆ ಕಾಣುವುದು ಇಲ್ಲೇ. ಪತ್ರದಲ್ಲಿ ಅವರು “ಐಪಿ ಹಾಕಿದ ಕಂಪನಿ” ಅಂದಿದ್ದಾರೆ. ಹತ್ತಿ ಯಾರ್ಡಿನಲ್ಲಿ ಬಾಳಿದವರು ಯಾರು ಯಾರ ಹೆಸರು ಹೇಳಿ ಮುಳುಗಿದರು, ಯಾವ ಅಂಗಡಿಯ ಬಾಗಿಲಿಗೆ ರೈತರು ಬಂದು ಕೂತರು ಎಂಬುದನ್ನೆಲ್ಲ ಕಂಡವರು. ರೇಟು ಬಿದ್ದ ವರ್ಷ ಕಮಿಷನ್ ಅಂಗಡಿಗೆ ಏನಾಗುತ್ತದೆಂದು ಅವರಿಗೆ ಗೊತ್ತು. ಮೊಮ್ಮಗ 11 ಲಕ್ಷ ಲೋನ್ ಎಂದು ಸಲೀಸಾಗಿ ಹೇಳಿದಾಗ ಅವರ ಕಿವಿಗೆ ಬಿದ್ದದ್ದು ಸಾಲ ಎಂಬ ಎರಡಕ್ಷರ. ಆ ಭಯವನ್ನು ನೇರ ಹೇಳಿದರೆ ಮಗನ ಅಂಗಡಿಯ ಮೇಲೆ ನಂಬಿಕೆ ಇಲ್ಲವೆಂದಾಗುತ್ತದೆ. ಹಾಗಾಗಿ ಕೊರಿಯಾವನ್ನು ಬೈಯುತ್ತಿದ್ದಾರೆ. ಯಜಮಾನರು ಅಂಗಡಿಗೆ ಓಡುವುದಕ್ಕೂ ಇದೇ ಕಾರಣವಿರಬಹುದು. ಅವರೊಬ್ಬರನ್ನೇ ಕೂರಿಸಿಕೊಂಡು, ಈ ವರ್ಷ ಅಂಗಡಿ ಹೇಗಿದೆ, ಕಂತು ನನ್ನ ಸಂಬಳದಲ್ಲೇ ಕಟ್ಟಿದರೆ ಮನೆ ನಡೆಯುತ್ತದೆಯೇ ಎಂದು ಕೇಳಿ. ಉತ್ತರದಲ್ಲಿ ತಡವರಿಕೆ ಕಂಡರೆ ಈ ವರ್ಷ ಯಾವ ಕಂಪನಿಯ ಕಾರೂ ಬೇಡ, ಬಾಡಿಗೆ ಕಾರೇ ಲಾಭ.

ಆ ಲೆಕ್ಕ ಒಪ್ಪಿತವಾದರೆ ಮಾವನ ಮುಂದೆ ಕಾರಿನ ಮಾತು ಎತ್ತುವ ಮೊದಲು ಕಂತಿನ ಹಾಳೆ ಇಡಿ. ಕಂತು ಯಾರ ಖಾತೆಯಿಂದ, ಎಷ್ಟು ತಿಂಗಳು, ಅಂಗಡಿಯ ಹಣ ಒಂದು ಪೈಸೆ ಸೇರುವುದಿಲ್ಲ. ಆಮೇಲೆ ಶೋರೂಮಿನವರಿಗೆ ಫೋನ್ ಮಾಡಿ, ಟೆಸ್ಟ್ ಡ್ರೈವಿಗೆ ಕಾರನ್ನು ಆದೋನಿಗೇ ತರಲು ಹೇಳಿ, ಕೇಳಿದರೆ ತರುತ್ತಾರೆ. ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಓಡಿಸಿ ಏನೂ ತಿಳಿಯದು. ನೀವು ದಿನಾ ಹೋಗುವ ಕೌತಾಳಂ ದಾರಿಯಲ್ಲೇ ಓಡಿಸಿ. ಮಾವ, ಅತ್ತೆ ಇಬ್ಬರನ್ನೂ ಹಿಂದೆ ಕೂರಿಸಿ, ನಡುವೆ ಇನ್ನೊಬ್ಬರನ್ನು ಕೂರಿಸಿ. ಸೋನೆಟ್ಟಿನ ಹಿಂದಿನ ಸೀಟು ಮೂವರಿಗೆ ಇಕ್ಕಟ್ಟು ಎಂಬುದು ಬಹಳ ಜನರ ದೂರು, ಅದನ್ನು ಅವರೇ ಕೂತು ನೋಡಬೇಕು. ಅತ್ತೆ ಕಾಲು ಎತ್ತಿಡಲು ಕಷ್ಟಪಡುತ್ತಾರೋ, ಇಳಿಯುವಾಗ ಏನು ಹಿಡಿದುಕೊಳ್ಳುತ್ತಾರೋ ನೋಡಿ. ಅದೇ ದಿನ ಮಾರುತಿಯ ಬ್ರೆಜಾ ಆಗಲಿ, ಇನ್ನೊಂದಾಗಲಿ ತರಿಸಿ ಅದೇ ದಾರಿಯಲ್ಲಿ ಓಡಿಸಿ. ಮಾವ ಹೇಳಿದ ಕಾರಿಗೂ ಮರ್ಯಾದೆ ಸಿಕ್ಕಬೇಕು. ಅವರದೇ ಗೆದ್ದರೆ ಗೆಲ್ಲಲಿ. ನಿಮ್ಮೂರಿನಲ್ಲಿ ರಿಪೇರಿಗೆ ಜನ ಸಿಗುವುದರಲ್ಲಿ, ಹಳೆಯದನ್ನು ಮಾರುವುದರಲ್ಲಿ ಮಾರುತಿಯನ್ನು ಮೀರಿಸುವವರಿಲ್ಲ.

ತಮ್ಮನ ಮಾತು ಮಾತ್ರ ಬೇಡವೇ ಬೇಡ. 1953ರ ಅಕ್ಟೋಬರ್ 1ರ ತನಕ ಆದೋನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯವೇ, ಆಗಿನ ಮಾತು ಬೇರೆ. ಈಗ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕರು ವಾಸವಿರುವ ಇಲ್ಲವೇ ವ್ಯವಹಾರವಿರುವ, ಕಾರು ಸಾಮಾನ್ಯವಾಗಿ ಇರುವ ಕಡೆಯೇ ನೋಂದಣಿ ಆಗಬೇಕು. ಬೇರೆ ರಾಜ್ಯದ ನಂಬರಿನ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಲೇಬೇಕು, ತೆರಿಗೆ ಮತ್ತೆ ಕಟ್ಟಬೇಕು. ತೆರಿಗೆ ಉಳಿಯುತ್ತದೆ ಎಂಬ ಆಸೆಯೂ ಬೇಡ: ಕಾರಿಗೆ ದೇಶದಲ್ಲೇ ಹೆಚ್ಚು ರಸ್ತೆ ತೆರಿಗೆ ಹಾಕುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾರು ತಮ್ಮನ ಹೆಸರಿನಲ್ಲಿ, ಕಂತು ನಿಮ್ಮ ಸಂಬಳದಲ್ಲಿ, ಅಪಘಾತವಾದರೆ ವಿಮೆ ಯಾರಿಗೆ? ಒಳ್ಳೆಯ ಮನಸ್ಸಿನಿಂದ ಹೇಳಿದ್ದಾನೆ, ಅಷ್ಟು ಸಾಕು. ಆಂಧ್ರ 2019ರಲ್ಲಿ ಜಿಲ್ಲೆಗೊಂದು ಸಂಖ್ಯೆ ಬಿಟ್ಟು ಇಡೀ ರಾಜ್ಯಕ್ಕೆ ಎಪಿ 39 ಎಂಬ ಒಂದೇ ಸರಣಿ ತಂದಿತು. ಕರ್ನೂಲಿನ ಹಳೆಯ ಎಪಿ 21 ಹೊಸ ಕಾರಿಗೆ ಸಿಗುವುದಿಲ್ಲ, ಅದರ ಬೇಜಾರು ಮಾವನಿಗೆ ಇದ್ದರೆ ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಆಂಧ್ರದ ನಂಬರಿನಲ್ಲಿ ಬಳ್ಳಾರಿ ಆಸ್ಪತ್ರೆಗೆ, ಸಿರುಗುಪ್ಪದ ತವರಿಗೆ ಹೋಗಿಬರಲು ಯಾರ ಅಡ್ಡಿಯೂ ಇಲ್ಲ.

ಮಗನಿಗೆ ಹೇಳುವುದು ಸುಲಭ. ಟಾಪ್ ಮಾಡೆಲ್ ಅವನು ಕೆಲಸಕ್ಕೆ ಸೇರಿದ ಮೇಲೆ ಅವನ ಸಂಬಳದಲ್ಲಿ ಕೊಳ್ಳಲಿ. ಈಗ ಅವನಿಗೊಂದು ಕೆಲಸ ಕೊಡಿ: ಕಿಯಾದ ಹರಾಜಿನ ಕಥೆಯನ್ನು, ದೇವೂ ಕೂಗಿ ಸೋತದ್ದನ್ನು, ತಾತನ ಮುಂದೆ ಕೂತು ತಾನೇ ಹೇಳಲಿ. ಯಾರ್ಡಿನ ಮನುಷ್ಯ ಹರಾಜಿನ ಕಥೆಯನ್ನು ನಡುವೆ ನಿಲ್ಲಿಸುವುದಿಲ್ಲ. ಯಾರು ಎಷ್ಟಕ್ಕೆ ಕೂಗಿದರು, ಹಳೆ ಸಾಲ ಯಾರ ತಲೆಗೆ ಹೋಯಿತು ಎಂದು ಖಂಡಿತ ಕೇಳುತ್ತಾರೆ. ಮಾತು ಬಿಟ್ಟವರು ಮಾತಾಡಲು ಅಷ್ಟು ಸಾಕು.

ಕಂಪನಿಯನ್ನು ನಂಬಬಹುದೇ ಎಂದು ಕೇಳಿದ್ದಿರಿ. ಕಾರು ಕೊಳ್ಳುವ ಮಟ್ಟಿಗೆ ನಂಬಬಹುದು. 9 ಲಕ್ಷದ ಉಳಿತಾಯದ ಮೇಲೆ 11 ಲಕ್ಷದ ಸಾಲ ಹೊರುವಷ್ಟು ಯಾವ ಕಂಪನಿಯ ಕಾರನ್ನೂ ನಂಬಬೇಡಿ. ನಿಮ್ಮ ವರ್ಕ್‌ಶಾಪು ವಾಸಿ ಎಂದು ಹಳೆ ಮಾಲೀಕರು ಹೇಳಿದರೆ, ಹಿಂದಿನ ಸೀಟು ಅತ್ತೆಗೆ ಹಿಡಿಸಿದರೆ ಸೋನೆಟ್ ತೆಗೆದುಕೊಳ್ಳಿ, ನಿಮ್ಮ ಹೆಸರಿನಲ್ಲೇ.

ಕೊನೆಗೆ ಕೇಳುತ್ತೇನೆ ಅಂದಿದ್ದೆನಲ್ಲ: ಈ ಕಾರು ಓಡಿಸುವವರು ಯಾರು? ಮಗ ಬೆಂಗಳೂರಿನಲ್ಲಿ, ಯಜಮಾನರು ಅಂಗಡಿಯಲ್ಲಿ. ಅತ್ತೆಯನ್ನು ಬಳ್ಳಾರಿಗೆ ಕರೆದೊಯ್ಯಲು ಪ್ರತಿ ಸಲ ಡ್ರೈವರನ್ನು ಹುಡುಕುವುದಾದರೆ ಬಾಡಿಗೆ ಕಾರಿನಿಂದ ತಪ್ಪಿಸಿಕೊಂಡಂತೆ ಆಗಲಿಲ್ಲ. ಕಾರು ಬುಕ್ ಮಾಡುವ ಮೊದಲು ಆದೋನಿಯ ಯಾವುದಾದರೂ ಡ್ರೈವಿಂಗ್ ಸ್ಕೂಲಿಗೆ ನೀವೇ ಸೇರಿ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕ 30 ದಿನ ಕಳೆದ ಮೇಲಷ್ಟೇ ಪಕ್ಕಾ ಲೈಸೆನ್ಸಿಗೆ ಟೆಸ್ಟ್ ಕೊಡಲು ಬರುತ್ತದೆ, ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ.